ಎನ್‌ಕ್ಲೆಕ್ಸ್ ಫೇಲ್ ಆಯ್ತು, ಮತ್ತೆ ಬರೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಕೊನೆಯಲ್ಲಿ ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ನನ್ನ ಸ್ಕ್ರೀನ್ 96ನೇ ಪ್ರಶ್ನೆಗೆ ನಿಂತುಹೋಯಿತು. ಫೇಲ್. ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಬರೆದೆ, ಪಾಸಾದೆ. ಆವತ್ತಿನಿಂದ ಜೂನಿಯರ್‌ಗಳು, ಅವರ ರೂಮ್‌ಮೇಟ್‌ಗಳು, ಒಬ್ಬಿಬ್ಬರ ಗಂಡಂದಿರು ಕೂಡ ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿ "ಅಕ್ಕ, ಒಂದು ಡೌಟು" ಅನ್ನುತ್ತಾರೆ. ನೈಟ್ ಡ್ಯೂಟಿಯಲ್ಲಿ ಫೋನ್ ಎತ್ತೋಕೆ ಆಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದು ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ (ಆರ್‌ಎನ್) ಆಗಲು ಬೇಕಾದ ಎನ್‌ಕ್ಲೆಕ್ಸ್ ಆರ್‌ಎನ್ ಪರೀಕ್ಷೆಯ ಮಾತು ಮಾತ್ರ. ಗಲ್ಫ್ ದೇಶಗಳ ಪ್ರೊಮೆಟ್ರಿಕ್, ಇಂಗ್ಲೆಂಡಿನ ಸಿಬಿಟಿ ಪರೀಕ್ಷೆಗಳದ್ದು ಬೇರೆಯೇ ಕಥೆ.

ಪಾಪ್-ಅಪ್ ಬರಲಿಲ್ಲ, ಕಾರ್ಡ್‌ನಿಂದ ದುಡ್ಡು ಹೋಯಿತು. ಫೇಲ್ ಅಂತಾನೇ ಅರ್ಥಾನಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪರೀಕ್ಷೆ ಮುಗಿಸಿದ ದಿನವೇ ಪಿಯರ್ಸನ್ ವ್ಯೂನಲ್ಲಿ, ಅಂದರೆ ಪರೀಕ್ಷೆಗೆ ನೋಂದಾಯಿಸುವ ಕಂಪನಿಯ ಸೈಟ್‌ನಲ್ಲಿ, ಮತ್ತೆ ರಿಜಿಸ್ಟರ್ ಆಗಲು ನೋಡುವುದು ನಮ್ಮವರ ಒಂದು ಚಾಳಿ. ಪಾಪ್-ಅಪ್ ಬಂದು ಸೈಟ್ ತಡೆದರೆ ಪಾಸು, ದುಡ್ಡು ತೆಗೆದುಕೊಂಡರೆ ಫೇಲು ಅನ್ನುವ ನಂಬಿಕೆ. ಇದು ಅಧಿಕೃತ ಫಲಿತಾಂಶ ಅಲ್ಲ. ಹೋದ 200 ಡಾಲರ್ ವಾಪಸ್ ಬರುವುದೂ ಇಲ್ಲ. ನಾನೂ ಮಾಡಿದೆ, ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸಿನೊಳಗೆ ಕೂತು. ಬಸ್ಸು ಹೊರಡುವ ಮೊದಲೇ ಬ್ಯಾಂಕಿನ ಮೆಸೇಜು ಬಂತು. ನೆಲಮಂಗಲದವರೆಗೆ ಕಿಟಕಿ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದೆ.

ನಿಜವಾದ ಫಲಿತಾಂಶ ಕೊಡುವುದು ನೀವು ಅರ್ಜಿ ಹಾಕಿದ ರಾಜ್ಯದ ನರ್ಸಿಂಗ್ ಬೋರ್ಡ್ ಮಾತ್ರ. ಅದಕ್ಕೆ ಆರು ವಾರದವರೆಗೂ ಹಿಡಿಯಬಹುದು. ಕೆಲವು ಬೋರ್ಡ್‌ಗಳವರು ಎರಡು ಕೆಲಸದ ದಿನಗಳ ನಂತರ 7.95 ಡಾಲರ್ ಕಟ್ಟಿ ಕ್ವಿಕ್ ರಿಸಲ್ಟ್ ನೋಡಬಹುದು. ಎಲ್ಲ ಬೋರ್ಡ್‌ಗಳೂ ಅದರಲ್ಲಿ ಸೇರಿಲ್ಲ, ನಿಮ್ಮದು ಇದೆಯೇ ಅಂತ ಮೊದಲು ನೋಡಿಕೊಳ್ಳಿ.

ಫೇಲ್ ಆದ ಮೇಲೆ ಎಷ್ಟು ದಿನಕ್ಕೆ ಮತ್ತೆ ಬರೆಯಬಹುದು?

ನಲವತ್ತೈದು ದಿನ ಕಾಯಬೇಕು. ಪರೀಕ್ಷೆ ನಡೆಸುವ ಎನ್‌ಸಿಎಸ್‌ಬಿಎನ್ ಸಂಸ್ಥೆಯ ನಿಯಮ ಅದು, ಲೆಕ್ಕ ಹಾಕಿದರೆ ವರ್ಷಕ್ಕೆ ಎಂಟು ಸಲ ಬರೆಯಬಹುದು. ಎಂಟು ಸಲ ಬರೆಯಿರಿ ಅಂತ ಅಲ್ಲ ಮತ್ತೆ!

ಇದರ ಮೇಲೆ ರಾಜ್ಯಗಳ ನಿಯಮಗಳಿವೆ. ನಮ್ಮಲ್ಲಿ ಬಹಳ ಜನ ನ್ಯೂಯಾರ್ಕ್ ಮೂಲಕ ಹೋಗುತ್ತಾರೆ. ಅಲ್ಲಿ ಎಷ್ಟು ಸಲ ಬರೆಯಬಹುದು ಅನ್ನುವ ಮಿತಿ ಇಲ್ಲ. ಫ್ಲೋರಿಡಾದಲ್ಲಿ ಮೂರು ಸಲ ಫೇಲಾದರೆ ಬೋರ್ಡ್ ಒಪ್ಪಿದ ರೆಮಿಡಿಯಲ್ ಕೋರ್ಸ್ ಮುಗಿಸಿದ ಮೇಲೇ ನಾಲ್ಕನೆಯದು. ಟೆಕ್ಸಾಸ್‌ನಲ್ಲಿ ಲೆಕ್ಕ ಸಲದ್ದಲ್ಲ, ವರ್ಷದ್ದು. ಕೋರ್ಸ್ ಮುಗಿದ ನಾಲ್ಕು ವರ್ಷದೊಳಗೆ ಪಾಸಾಗಬೇಕು. 2012ರಲ್ಲಿ ಬಿಎಸ್ಸಿ ಮುಗಿಸಿದ ನಮ್ಮ ಸೀನಿಯರ್ ಒಬ್ಬರಿಗೆ ಅವರ ಏಜೆಂಟ್ ಟೆಕ್ಸಾಸ್‌ಗೆ ಅರ್ಜಿ ಹಾಕಿ ಅಂತ ಹೇಳಿದ್ದ. ಇಂಥ ಸಣ್ಣ ವಿಷಯ ಏಜೆಂಟರ ಬಾಯಲ್ಲಿ ಬರುವುದೇ ಇಲ್ಲ. ನಿಮ್ಮ ಬೋರ್ಡಿನ ವೆಬ್‌ಸೈಟನ್ನು ನೀವೇ ಕೂತು ಓದಿ.

ರಾಜ್ಯ ಬದಲಾಯಿಸಬಹುದಾ ಅಂತಲೂ ಕೇಳುತ್ತಾರೆ. ಬದಲಾಯಿಸಬಹುದು, ಆದರೆ ಅರ್ಜಿ, ಶುಲ್ಕ, ಸರ್ಟಿಫಿಕೇಟ್ ಪರಿಶೀಲನೆ ಎಲ್ಲ ಹೊಸದಾಗಿ ಶುರು. ಕಾಲೇಜು, ಯೂನಿವರ್ಸಿಟಿ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ಅಂತ ಒಂದು ಸಲ ಸುತ್ತಿ ಬಂದವರಿಗೆ ಅದರ ರುಚಿ ಗೊತ್ತು. ನಲವತ್ತೈದು ದಿನದ ನಿಯಮವಂತೂ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ.

ಮತ್ತೆ ಬರೆಯಲು ಏನೇನು ಮಾಡಬೇಕು? ಎಷ್ಟು ಖರ್ಚು?

ಮೊದಲು ನಿಮ್ಮ ಬೋರ್ಡಿಗೆ ಮರು ಅರ್ಜಿ ಬೇಕಾ ಅಂತ ನೋಡಿ. ಕೆಲವಕ್ಕೆ ಬೇಕು, ಶುಲ್ಕವೂ ಇರುತ್ತದೆ. ಆಮೇಲೆ ಪಿಯರ್ಸನ್ ವ್ಯೂನಲ್ಲಿ ಮತ್ತೆ ನೋಂದಣಿ, 200 ಡಾಲರ್. ಬೋರ್ಡ್ ಒಪ್ಪಿದ ಮೇಲೆ ಹೊಸ ಎಟಿಟಿ, ಅಂದರೆ ಪರೀಕ್ಷೆಗೆ ಕೂರುವ ಅನುಮತಿ, ಈಮೇಲ್‌ಗೆ ಬರುತ್ತದೆ. ಹಳೆಯ ಎಟಿಟಿ ನಡೆಯುವುದಿಲ್ಲ. ಅದರಲ್ಲಿರುವ ದಿನಾಂಕಗಳ ಒಳಗೆ ಸೀಟ್ ಬುಕ್ ಮಾಡಬೇಕು. ಭಾರತದಲ್ಲಿ ಬರೆಯುವವರಿಗೆ ಇದರ ಮೇಲೆ 150 ಡಾಲರ್, ಜೊತೆಗೆ ತೆರಿಗೆ. ಎಲ್ಲ ಸೇರಿ ಮೂವತ್ತು ಸಾವಿರ ರೂಪಾಯಿ ದಾಟುತ್ತದೆ. ನಮ್ಮಲ್ಲಿ ಎಷ್ಟೋ ಸ್ಟಾಫ್ ನರ್ಸ್‌ಗಳ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಇನ್ನೊಂದು ಸಣ್ಣ ವಿಷಯ. ಡೆಬಿಟ್ ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಸಿರಬೇಕು. ಮಾಡಿಸದೆ ಮೂರು ಸಲ ಪೇಮೆಂಟ್ ಫೇಲ್ ಆಗಿ, ಕಾರ್ಡೇ ಬ್ಲಾಕ್ ಆಗಿ, ಕೊನೆಗೆ ಅಣ್ಣನ ಕಾರ್ಡ್ ಕೇಳಿದವಳು ನಾನು.

ದಿನಾಂಕ ಬದಲಾಯಿಸುವುದಿದ್ದರೆ ಪರೀಕ್ಷೆಗೆ ಕನಿಷ್ಠ 24 ಗಂಟೆ ಮೊದಲು ಮಾಡಿ. ತಡವಾದರೆ ದುಡ್ಡು ಹೋದ ಹಾಗೇ.

ನನ್ನ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬೇರೆ ಥರ ಇದೆ. ತೊಂದರೆ ಆಗುತ್ತಾ?

ಆಗುತ್ತದೆ. ಇಲ್ಲಿ ಗುರುತಿಗೆ ಪಾಸ್‌ಪೋರ್ಟ್ ಒಂದೇ ನಡೆಯುವುದು, ಆಧಾರ್ ತೋರಿಸಿದರೆ ಆಗದು. ನೋಂದಣಿಯಲ್ಲಿ ಕೊಟ್ಟ ಹೆಸರಿಗೂ ಅದಕ್ಕೂ ಹೊಂದಿಕೆಯಾಗಬೇಕು. ನಮ್ಮವರ ಹೆಸರಿನ ಗೋಳು ಗೊತ್ತಲ್ಲ. ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಎಚ್. ಎಸ್., ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿಕೊಂಡು ಊರು ಮತ್ತು ಅಪ್ಪನ ಹೆಸರು, ಕೌನ್ಸಿಲ್ ರಿಜಿಸ್ಟ್ರೇಷನ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಮೊದಲ ಸಲ ಹೇಗೋ ನಡೆಯಿತು ಅಂತ ಸುಮ್ನೆ ಇರಬೇಡಿ. ಈ ನಡುವೆ ಮದುವೆಯಾಗಿ ಪಾಸ್‌ಪೋರ್ಟ್ ಬದಲಾಯಿಸಿದ್ದರೆ ಎಟಿಟಿ ಬಂದ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ಅವಧಿ ಮುಗಿದ ಪಾಸ್‌ಪೋರ್ಟ್ ತಂದರೆ ಗೇಟಿನಿಂದಲೇ ವಾಪಸ್.

85ಕ್ಕೆ ನಿಂತರೆ ಪಾಸು, 150ಕ್ಕೆ ಹೋದರೆ ಫೇಲು ಅಂತಾರೆ. ನಿಜಾನಾ?

ಸುಳ್ಳು. ಎರಡು ಕಡೆಯೂ ಎರಡೂ ಆಗುತ್ತದೆ. ಇದು ಅರ್ಥವಾಗದೆ ಇದ್ದರೆ ಎರಡನೇ ಸಲವೂ ಹೆದರಿಕೆಯಲ್ಲೇ ಬರೆಯುತ್ತೀರಿ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕುತ್ತೇವೆ. ಮೆತ್ತಗಿದ್ದರೆ ಒಲೆ ಆರಿಸುತ್ತೇವೆ. ಅಕ್ಕಿಯೇ ಕೈಗೆ ಸಿಕ್ಕಿದರೆ ಮುಚ್ಚಳ ಮುಚ್ಚುತ್ತೇವೆ. ಅರ್ಧಂಬರ್ಧ ಇದ್ದಾಗ ಮಾತ್ರ ಇನ್ನೊಂದು ಅಗುಳು, ಮತ್ತೊಂದು ಅಗುಳು. ಈ ಕಂಪ್ಯೂಟರ್ ಮಾಡುವುದೂ ಅದನ್ನೇ. ನೀವು ಸರಿ ಬರೆದರೆ ಮುಂದಿನದು ಸ್ವಲ್ಪ ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ನಿಮ್ಮ ಮಟ್ಟ ಪಾಸಿನ ಗೆರೆಗಿಂತ ಮೇಲಿದೆ ಅಥವಾ ಕೆಳಗಿದೆ ಅಂತ ಅದಕ್ಕೆ ನೂರಕ್ಕೆ 95ರಷ್ಟು ಖಾತ್ರಿ ಆದ ಕೂಡಲೇ ನಿಲ್ಲಿಸುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಒಟ್ಟು ಐದು ಗಂಟೆ. ಮೊದಲ 85ರಲ್ಲಿ 15 ಪ್ರಶ್ನೆ ಲೆಕ್ಕಕ್ಕೇ ಬರುವುದಿಲ್ಲ, ಅವು ಮುಂದಿನ ಪರೀಕ್ಷೆಗಳಿಗಾಗಿ ಹಾಕಿ ನೋಡುವ ಪ್ರಶ್ನೆಗಳು. ಯಾವುವು ಅಂತ ಗೊತ್ತಾಗುವುದಿಲ್ಲ.

150ರವರೆಗೆ ಹೋದವರು ಗೆರೆಯ ಹತ್ತಿರವೇ ಇದ್ದವರು. ಅಲ್ಲಿ ಕೊನೆಯವರೆಗೂ ಪಾಸಾಗುವ ಅವಕಾಶ ಇರುತ್ತದೆ. "ನೂರು ದಾಟಿತು, ಇನ್ನೇನು ಮುಗೀತು" ಅಂತ ಸುಸ್ತಾಗಿ ಏನೇನೋ ಒತ್ತಿದರೆ ಕೈಗೆ ಬಂದ ತುತ್ತನ್ನು ನೀವೇ ಚೆಲ್ಲಿದಂತೆ. ಅರ್ಧದಷ್ಟು ತಪ್ಪಾಗುತ್ತಿದೆ ಅನ್ನಿಸುವುದೂ ಸಹಜ. ಜಾಣರಿಗೂ ಹಾಗೇ ಅನ್ನಿಸುವಂತೆ ಮಾಡಿದ ಪರೀಕ್ಷೆ ಇದು.

ಎರಡನೇ ಸಲ ಬರೆಯುವಾಗ ಹಳೆಯ ಅಂಕ ಏನೂ ಹಿಂದೆ ಬರುವುದಿಲ್ಲ. ಎಲ್ಲ ಮೊದಲಿಂದ.

ಸಿಪಿಆರ್ ಬಂದಿದೆ. ಅದನ್ನು ಓದೋದು ಹೇಗೆ?

ಇದು ಎದೆ ಒತ್ತುವ ಸಿಪಿಆರ್ ಅಲ್ಲ. ಫೇಲಾದವರಿಗೆ ಮಾತ್ರ ಕೊಡುವ ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್. ಪಾಸಾದವರಿಗೆ ಇದು ಸಿಗುವುದಿಲ್ಲ, ನಮಗಿರುವ ಒಂದೇ ಲಾಭ ಅಂದುಕೊಳ್ಳಿ. ಅಂಕ ಇರುವುದಿಲ್ಲ. ಒಂದೊಂದು ವಿಭಾಗದ ಮುಂದೆ ಪಾಸಿನ ಮಟ್ಟಕ್ಕಿಂತ ಮೇಲೆ, ಹತ್ತಿರ, ಕೆಳಗೆ ಅಂತ ಇರುತ್ತದೆ. ಎಷ್ಟು ಪ್ರಶ್ನೆ ಬರೆದಿರಿ ಅಂತಲೂ ಇರುತ್ತದೆ.

ಎಲ್ಲರೂ "ಕೆಳಗೆ" ಅಂತ ಇರುವುದನ್ನು ಹಿಡಿದುಕೊಂಡು ಓದಲು ಕೂರುತ್ತಾರೆ. ಯಾವ ವಿಭಾಗಕ್ಕೆ ಎಷ್ಟು ತೂಕ ಅಂತಲೂ ನೋಡಿ. 2023ರ ಟೆಸ್ಟ್ ಪ್ಲಾನ್‌ನಲ್ಲಿ ಮ್ಯಾನೇಜ್‌ಮೆಂಟ್ ಆಫ್ ಕೇರ್‌ಗೆ 15ರಿಂದ 21 ಶೇಕಡಾ, ಔಷಧಗಳ ವಿಭಾಗಕ್ಕೆ 13ರಿಂದ 19. ಬೇಸಿಕ್ ಕೇರ್‌ಗೆ 6ರಿಂದ 12 ಅಷ್ಟೇ. ನನ್ನ ರಿಪೋರ್ಟಿನಲ್ಲಿ ಬೇಸಿಕ್ ಕೇರ್ "ಮೇಲೆ" ಇತ್ತು, ಮ್ಯಾನೇಜ್‌ಮೆಂಟ್ ಆಫ್ ಕೇರ್ "ಕೆಳಗೆ" ಇತ್ತು. ಅಂದರೆ ಬೆಡ್ ಹಾಸೋಕೆ ಬರುತ್ತದೆ, ಯಾರನ್ನು ಮೊದಲು ನೋಡಬೇಕು ಅಂತ ಗೊತ್ತಿಲ್ಲ. ಆರು ವರ್ಷ ವಾರ್ಡ್‌ನಲ್ಲಿ ದುಡಿದವಳಿಗೆ ಇದು ಬೇಕಿತ್ತಾ ಅಂತ ಅವತ್ತು ಸಿಟ್ಟು ಬಂತು. ಆಮೇಲೆ ನೋಡಿದರೆ ಅದು ಸರಿಯಾಗೇ ಹೇಳಿತ್ತು.

ಹೆಚ್ಚಿನ ವಿಭಾಗ "ಹತ್ತಿರ" ಇದ್ದರೆ ನಲವತ್ತೈದು ದಿನದ ಸುಮಾರಿಗೇ ಬರೆಯಿರಿ, ಬಿಸಿ ಆರುವ ಮೊದಲು. ಹೆಚ್ಚಿನವು "ಕೆಳಗೆ" ಇದ್ದರೆ ಮೂರು ತಿಂಗಳು ತೆಗೆದುಕೊಳ್ಳಿ. ಇದು ನನ್ನ ಲೆಕ್ಕ, ಬೋರ್ಡಿನದ್ದಲ್ಲ.

ಪೇಪರ್ ತೆಗೆಸಿ ನೋಡಬಹುದಾ ಅಂತ ಒಬ್ಬಳು ಕೇಳಿದಳು. ಇಲ್ಲ ತಾಯಿ, ಇದು ಪಿಯುಸಿ ರೀವ್ಯಾಲ್ಯುಯೇಷನ್ ಅಲ್ಲ. ಬರೆದ ಪ್ರಶ್ನೆಗಳನ್ನು ಅವರು ತೋರಿಸುವುದಿಲ್ಲ.

ಹತ್ತು ವರ್ಷ ಐಸಿಯು ಮಾಡಿದ್ದೇನೆ. ಕಾಲೇಜು ಬಿಟ್ಟ ಹುಡುಗಿಯರು ಪಾಸಾಗ್ತಾರೆ, ನಾನು ಫೇಲ್. ಯಾಕೆ?

ಅನುಭವ ಇದ್ದುದಕ್ಕೇ ಅಂತ ನಾನು ಹೇಳುತ್ತೇನೆ. ಹೊರದೇಶದಲ್ಲಿ ಓದಿ ಮೊದಲ ಸಲ ಬರೆಯುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮಾತ್ರ ಪಾಸಾಗುತ್ತಾರೆ. ನಮ್ಮವರಿಗೆ ವಿಷಯ ಗೊತ್ತಿಲ್ಲದೆ ಅಲ್ಲ. ಪ್ರಶ್ನೆ ಅಮೆರಿಕದ ವಾರ್ಡ್‌ನದ್ದು, ಉತ್ತರ ನಮ್ಮ ವಾರ್ಡ್‌ನದ್ದು. ಅಲ್ಲೇ ಎಡವಟ್ಟು.

ನಾನೇ ಅಭ್ಯಾಸಕ್ಕೆ ಮಾಡಿಕೊಂಡ ಪ್ರಶ್ನೆ ಒಂದಿದೆ. ಬೆಳಗ್ಗೆ ಹ್ಯಾಂಡ್‌ಓವರ್ ಮುಗಿಯಿತು, ನಾಲ್ವರು ಪೇಶೆಂಟ್. ಸಿಒಪಿಡಿ, ಅಂದರೆ ಹಳೆಯ ಶ್ವಾಸಕೋಶದ ಕಾಯಿಲೆ ಇರುವ ಅಜ್ಜ, ರಕ್ತದ ಆಮ್ಲಜನಕ (ಸ್ಯಾಚುರೇಷನ್) 90. ಗರ್ಭಕೋಶ ತೆಗೆದು ಎರಡನೇ ದಿನ, ನೋವು ಹತ್ತಕ್ಕೆ ಏಳು. ತೊಡೆ ಮೂಳೆ ಮುರಿದ ಯುವಕ, ಈಗ ತಾನೇ ಗಲಿಬಿಲಿ, ಉಸಿರು ಜೋರು. ಶುಗರ್ 210 ಇರುವಾಕೆ, ತಿಂಡಿ ಮುಂಚಿನ ಇನ್ಸುಲಿನ್‌ಗೆ ಕಾಯುತ್ತಿದ್ದಾಳೆ. ಮೊದಲು ಯಾರ ಹತ್ತಿರ ಹೋಗುತ್ತೀರಿ?

ನಮ್ಮ ವಾರ್ಡ್‌ನಲ್ಲಾದರೆ ಎರಡನೆಯವಳ ಹತ್ತಿರ. ಯಾಕೆಂದರೆ ಅವಳ ಅಟೆಂಡರ್ ನರ್ಸಿಂಗ್ ಸ್ಟೇಷನ್ ಮುಂದೆ ನಿಂತು "ಸಿಸ್ಟರ್, ಎಷ್ಟು ಸಲ ಕರೀಬೇಕು?" ಅಂತ ಕೂಗುತ್ತಿರುತ್ತಾರೆ. ಪರೀಕ್ಷೆಯಲ್ಲಿ ಆ ಯುವಕನ ಹತ್ತಿರ ಹೋಗಬೇಕು. ಮೂಳೆಯ ಕೊಬ್ಬು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗಿರಬಹುದು. ಅಜ್ಜನಿಗೆ 90 ಅಂದರೆ ಅವನ ಕಾಯಿಲೆಗೆ ನಿರೀಕ್ಷಿತವೇ. ಹೊಸದಾಗಿ ಆಗಿದ್ದು, ಇದ್ದಕ್ಕಿದ್ದಂತೆ ಆಗಿದ್ದು, ಉಸಿರಿಗೆ ಸಂಬಂಧಿಸಿದ್ದು ಮೊದಲು. ಕೂಗುವವರು ಆಮೇಲೆ.

ಎರಡನೆಯದು ಡಾಕ್ಟರ್ ಕರೆಯುವ ಅಭ್ಯಾಸ. ರಕ್ತ ಹಾಕುತ್ತಿರುವಾಗ ಪೇಶೆಂಟ್‌ಗೆ ಚಳಿ, ಬೆನ್ನುನೋವು ಶುರುವಾಯಿತು. "ಡಾಕ್ಟರಿಗೆ ತಿಳಿಸುವುದು" ಅನ್ನುವ ಆಯ್ಕೆ ಕಂಡ ಕೂಡಲೇ ನಮ್ಮ ಕೈ ಅಲ್ಲಿಗೇ ಹೋಗುತ್ತದೆ. ಅವರಿಗೆ ಬೇಕಾದ್ದು ಮೊದಲು ರಕ್ತ ನಿಲ್ಲಿಸುವುದು, ಹೊಸ ಟ್ಯೂಬಿಂಗ್‌ನಲ್ಲಿ ಸಲೈನ್ ಬಿಟ್ಟು ಲೈನ್ ಉಳಿಸಿಕೊಳ್ಳುವುದು, ಫೋನ್ ಆಮೇಲೆ. ನಿಮ್ಮ ಕೈಯಲ್ಲೇ ಇರುವ ಕೆಲಸವನ್ನು ಮಾಡದೆ ಬೇರೆಯವರನ್ನು ಕರೆದರೆ ಅಲ್ಲಿ ತಪ್ಪು.

ಮೂರನೆಯದು ಮಾತು. ನನಗೆ ಬಹಳ ಕಷ್ಟವಾದದ್ದು ಇದೇ. ಬಯಾಪ್ಸಿ ರಿಪೋರ್ಟಿಗೆ ಕಾಯುತ್ತಿರುವ ಹೆಂಗಸು ಅಳುತ್ತಾ "ಕ್ಯಾನ್ಸರ್ ಅಂತ ಬಂದ್ರೆ ಏನ್ಮಾಡ್ಲಿ ಸಿಸ್ಟರ್?" ಅನ್ನುತ್ತಾಳೆ. ನಾವು ಏನನ್ನುತ್ತೇವೆ? ಕೈ ಹಿಡಿದುಕೊಂಡು "ಏನೂ ಆಗಲ್ಲಮ್ಮ, ದೇವರಿದ್ದಾನೆ, ಧೈರ್ಯವಾಗಿರಿ." ಅದು ಅಲ್ಲಿ ತಪ್ಪು ಉತ್ತರ. ಗೊತ್ತಿಲ್ಲದ್ದನ್ನು ಆಗಲ್ಲ ಅಂತ ಭರವಸೆ ಕೊಟ್ಟಂತೆ. "ನಿಮಗೆ ಯಾವುದರ ಬಗ್ಗೆ ಜಾಸ್ತಿ ಭಯ ಆಗ್ತಿದೆ, ಹೇಳಿ" ಅನ್ನುವಂಥದ್ದು ಸರಿ ಉತ್ತರ. ಈಗಲೂ ವಾರ್ಡ್‌ನಲ್ಲಿ ನಾನು ಮೊದಲನೆಯದನ್ನೇ ಹೇಳುತ್ತೇನೆ. ಅದು ತಪ್ಪು ಅಂತ ನನಗೆ ಪೂರ್ತಿ ಒಪ್ಪಿಗೆಯೂ ಇಲ್ಲ. ಆದರೆ ಪರೀಕ್ಷೆಯಲ್ಲಿ ಮಾತ್ರ ದೇವರನ್ನು ಹೊರಗೆ ಲಾಕರ್‌ನಲ್ಲಿಟ್ಟು ಹೋಗಬೇಕು.

ಹಾಗೇ ಮಗ ಬಂದು "ಅಮ್ಮನಿಗೆ ಕಾಯಿಲೆ ಹೆಸರು ಹೇಳಬೇಡಿ" ಅಂದರೆ ನಾವು ತಲೆಯಾಡಿಸುತ್ತೇವೆ. ಅಲ್ಲಿ ತಿಳಿಯುವ ಹಕ್ಕು ಅಮ್ಮನದು. ಅಮ್ಮ ಒಪ್ಪದೆ ಮಗನಿಗೆ ಹೇಳುವಂತಿಲ್ಲ.

ಇನ್ನು ಕೆಲಸ ಹಂಚುವುದು. ನಮ್ಮಲ್ಲಿ ಸಿಸ್ಟರ್ ಎಲ್ಲವನ್ನೂ ಮಾಡುತ್ತಾಳೆ, ಉಳಿದದ್ದನ್ನು ಆಯಾ ಮತ್ತು ಮನೆಯವರು ನೋಡಿಕೊಳ್ಳುತ್ತಾರೆ. ಅಲ್ಲಿ ಆರ್‌ಎನ್, ಅವರ ಕೆಳಗಿನ ಹಂತದ ನರ್ಸ್ ಆದ ಎಲ್‌ಪಿಎನ್, ಸಹಾಯಕರು ಅಂತ ಮೂರು ಮೆಟ್ಟಿಲು. ಮೊದಲ ಅಸೆಸ್‌ಮೆಂಟ್, ಪೇಶೆಂಟ್‌ಗೆ ಕಲಿಸುವುದು, ಫಲ ಸಿಕ್ಕಿತಾ ಅಂತ ನೋಡುವುದು ಆರ್‌ಎನ್ ಕೆಲಸ, ಯಾರಿಗೂ ಬಿಟ್ಟುಕೊಡಬಾರದು. ಸ್ಥಿರವಾಗಿರುವ, ಮುಂದೇನಾಗುತ್ತೆ ಅಂತ ಗೊತ್ತಿರುವ ಪೇಶೆಂಟ್ ಎಲ್‌ಪಿಎನ್‌ಗೆ. ಊಟ ಮಾಡಿಸುವುದು, ನಡೆಸುವುದು, ಸ್ಥಿರ ಇರುವವರ ಬಿಪಿ ನೋಡುವುದು ಸಹಾಯಕರಿಗೆ. ಇದನ್ನು ಬಾಯಿಪಾಠ ಮಾಡಿದರೆ ಸಾಲದು, ದಿನಾ ಡ್ಯೂಟಿಯಲ್ಲಿ "ಈ ಕೆಲಸ ಅಲ್ಲಿ ಯಾರದು?" ಅಂತ ಕೇಳಿಕೊಳ್ಳಿ.

ಔಷಧದ ಪ್ರಶ್ನೆಗಳೆಲ್ಲ ಗೊತ್ತಿಲ್ಲದ ಹೆಸರೇ ಬಂದವು. ಏನು ಮಾಡೋದು?

ಗೊತ್ತಿಲ್ಲದ್ದು ಅಷ್ಟು ಇರಲಿಕ್ಕಿಲ್ಲ. ನಾವು ಕಂಪನಿ ಹೆಸರಲ್ಲೇ ಬದುಕುವವರು. ಡೋಲೋ, ಲಾಸಿಕ್ಸ್, ಪ್ಯಾನ್ ಫಾರ್ಟಿ. ಪರೀಕ್ಷೆಯಲ್ಲಿ ಮೂಲ ಹೆಸರು ಇರುತ್ತದೆ, ಅದೂ ಅಮೆರಿಕದ ಮೂಲ ಹೆಸರು. ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ಅಡ್ರಿನಲಿನ್ ಅಂದರೆ ಎಪಿನೆಫ್ರಿನ್, ಸಾಲ್ಬುಟಮಾಲ್ ಅಂದರೆ ಆಲ್ಬುಟೆರಾಲ್, ಪೆಥಿಡಿನ್ ಅಂದರೆ ಮೆಪೆರಿಡಿನ್, ಗ್ಲೈಬೆನ್‌ಕ್ಲಮೈಡ್ ಅಂದರೆ ಗ್ಲೈಬ್ಯುರೈಡ್. ನಮ್ಮ ಕ್ರ್ಯಾಶ್ ಕಾರ್ಟ್‌ನಲ್ಲಿರುವ ಔಷಧಗಳಿಗೆಲ್ಲ ಈ ಹೆಸರಿನ ಒಂದು ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದ್ದೆ. ನಮ್ಮ ಅತ್ತೆ ಅದನ್ನು ದಿನಸಿ ಚೀಟಿ ಅಂದುಕೊಂಡಿದ್ದರು.

ಎಲ್ಲ ಔಷಧ ಓದಲು ಹೋಗಬೇಡಿ. ಒಂದು ಗುಂಪಿಗೆ ಒಂದು ಔಷಧ ಚೆನ್ನಾಗಿ ಓದಿ, ಹೆಸರಿನ ಬಾಲ ನೋಡಿ ಗುಂಪು ಹಿಡಿಯಿರಿ. "ಪ್ರಿಲ್" ಅಂತ ಮುಗಿಯುವ ಬಿಪಿ ಔಷಧವಾದರೆ ಒಣಕೆಮ್ಮು, ಪೊಟ್ಯಾಷಿಯಂ ಏರುವುದು ನೆನಪಾಗಬೇಕು. "ಓಲಾಲ್" ಅಂತ ಮುಗಿದರೆ ಕೊಡುವ ಮೊದಲು ನಾಡಿ ನೋಡಬೇಕು.

ಹೊಸ ಮಾದರಿಯ ಕೇಸ್ ಸ್ಟಡಿಗಳಿಗೆ ಬೇರೆ ತಯಾರಿ ಬೇಕಾ?

2023ರ ಏಪ್ರಿಲ್ 1ರಿಂದ ಬಂದ ನೆಕ್ಸ್ಟ್ ಜನರೇಷನ್ ಮಾದರಿ ಇದು. ಎಲ್ಲರಿಗೂ ಲೆಕ್ಕಕ್ಕೆ ಬರುವ ಮೂರು ಕೇಸ್ ಇರುತ್ತವೆ, ಒಂದಕ್ಕೆ ಆರು ಪ್ರಶ್ನೆ. ಆರೂ ಒಂದೇ ಪೇಶೆಂಟ್ ಬಗ್ಗೆ. ಏನು ಕಾಣುತ್ತಿದೆ, ಅದರ ಅರ್ಥ ಏನು, ಯಾವುದು ಮೊದಲು, ಏನೇನು ಮಾಡಬಹುದು, ಏನು ಮಾಡುತ್ತೀರಿ, ಗುಣ ಕಂಡಿತಾ. ಇದು ನೀವು ದಿನಾ ಮಾಡುವುದೇ, ಅಲ್ವಾ? ಕಷ್ಟ ಇರುವುದು ಸ್ಕ್ರೀನ್ ಓದುವುದರಲ್ಲಿ. ನೋಟ್ಸ್, ವೈಟಲ್ಸ್, ಲ್ಯಾಬ್ ಬೇರೆ ಬೇರೆ ಟ್ಯಾಬ್‌ನಲ್ಲಿ ಇರುತ್ತವೆ. ಗಡಿಬಿಡಿಯಲ್ಲಿ ಒಂದು ಟ್ಯಾಬ್ ತೆರೆಯದೇ ಉತ್ತರಿಸಿದವರು ಎಷ್ಟೋ ಜನ.

ಹಳೆಯ ಬ್ಯಾಚಿನವರ ಒಂದು ಸಲಹೆ ಮರೆತುಬಿಡಿ. "ಅನ್ವಯಿಸುವುದೆಲ್ಲ ಆರಿಸಿ" ಅನ್ನುವ ಪ್ರಶ್ನೆಗೆ ಮೊದಲು ಪೂರ್ತಿ ಸರಿ ಇದ್ದರೆ ಮಾತ್ರ ಅಂಕ ಸಿಗುತ್ತಿತ್ತು. ಈಗ ಸರಿ ಗುರುತಿಗೆ ಅಂಕ ಸೇರುತ್ತದೆ, ತಪ್ಪು ಗುರುತಿಗೆ ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ಎರಡು ಖಾತ್ರಿ ಇದ್ದರೆ ಎರಡನ್ನೇ ಒತ್ತಿ. ಮೂರನೆಯದು ಜೂಜು.

ಮತ್ತೆ ಕೋಚಿಂಗ್ ಸೇರಬೇಕಾ?

ಅದೇ ಕ್ಲಾಸಿಗೆ ಎರಡನೇ ಸಲ ದುಡ್ಡು ಕಟ್ಟಬೇಡಿ. ನಾನು ಹೋಗಿದ್ದ ಕಡೆ ನಾಲ್ಕು ತಿಂಗಳು ನೋಟ್ಸ್ ಬರೆಸಿದರು, ಪ್ರಶ್ನೆ ಬಿಡಿಸಿದ್ದು ಕೊನೆಯ ಎರಡು ವಾರ. ಎರಡನೇ ಸಲ ಒಂದು ಒಳ್ಳೆಯ ಪ್ರಶ್ನೆ ಬ್ಯಾಂಕ್ ತೆಗೆದುಕೊಂಡು ಮನೆಯಲ್ಲೇ ಕೂತೆ. ನಿಮಗೆ ಒಬ್ಬರೇ ಕೂತರೆ ಓದು ಹತ್ತುವುದಿಲ್ಲ ಅಂದರೆ ಕ್ಲಾಸ್ ಬೇಕು. ಆದರೆ ಸೇರುವ ಮೊದಲು ಒಂದೇ ಮಾತು ಕೇಳಿ: ದಿನಕ್ಕೆ ಎಷ್ಟು ಪ್ರಶ್ನೆ ಬಿಡಿಸಿ ವಿವರಿಸುತ್ತೀರಿ?

ನೈಟ್ ಡ್ಯೂಟಿ ಇಟ್ಟುಕೊಂಡು ಓದೋದು ಹೇಗೆ?

ದಿನಕ್ಕೆ 60 ಪ್ರಶ್ನೆ, ಗಡಿಯಾರ ಇಟ್ಟುಕೊಂಡು. ಅದಕ್ಕಿಂತ ಎರಡು ಪಟ್ಟು ಸಮಯ ವಿವರಣೆ ಓದಲು, ಸರಿ ಬಂದದ್ದಕ್ಕೂ. ನೈಟ್ ಮುಗಿಸಿ ಬಂದ ಬೆಳಗ್ಗೆ ಓದಬೇಡಿ, ಮಲಗಿ. ವಾರಕ್ಕೆ ಒಂದು ದಿನ ಪುಸ್ತಕ ಮುಟ್ಟಬೇಡಿ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಒಂದು ನೂರು ಪುಟದ ನೋಟ್‌ಬುಕ್. ಪುಟಕ್ಕೆ ಮೂರು ಕಾಲಂ ಹಾಕಿದ್ದೆ: ಗೊತ್ತಿರಲಿಲ್ಲ, ಸರಿಯಾಗಿ ಓದಲಿಲ್ಲ, ಸರಿ ಉತ್ತರ ಇಟ್ಟು ಬದಲಾಯಿಸಿದೆ. ತಪ್ಪಾದ ಪ್ರತಿ ಪ್ರಶ್ನೆಗೆ ಒಂದು ಕಾಲಂನಲ್ಲಿ ಗೀಟು. ಮೂರು ವಾರ ಆದ ಮೇಲೆ ನೋಡಿದರೆ ಮೊದಲ ಕಾಲಂ ಎಲ್ಲಕ್ಕಿಂತ ಚಿಕ್ಕದು, ಮೂರನೆಯದು ಪುಟದ ಕೆಳಗಿನವರೆಗೆ ಇಳಿದಿತ್ತು. ಅಷ್ಟು ದಿನ ನಾನು ಓದು ಸಾಲದು ಅಂತ ದಪ್ಪ ಪುಸ್ತಕ ಹಿಡಿದು ಕೂತಿದ್ದೆ. ಕಾಯಿಲೆ ಒಂದು, ಮದ್ದು ಇನ್ನೊಂದು. ಆವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಬದಲಾಯಿಸಬೇಕಾದರೆ ಪ್ರಶ್ನೆಯೊಳಗಿನ ಯಾವ ಪದಕ್ಕಾಗಿ ಅಂತ ತೋರಿಸಬೇಕು. ತೋರಿಸಲಾಗದಿದ್ದರೆ ಮೊದಲ ಉತ್ತರವೇ ಇರಲಿ.

ಟೆಲಿಗ್ರಾಂನಲ್ಲಿ ಒರಿಜಿನಲ್ ಪ್ರಶ್ನೆ ಕೊಡ್ತೀವಿ ಅಂತಾರೆ. ತಗೋಬಹುದಾ?

ಬೇಡ. ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಪರೀಕ್ಷೆಗೆ ಮೊದಲು ನೀವೇ ಒಪ್ಪಿಕೊಂಡಿರುತ್ತೀರಿ. ಸಿಕ್ಕಿಬಿದ್ದರೆ ಫಲಿತಾಂಶ ಹೋಗಬಹುದು, ಲೈಸೆನ್ಸೂ ಕೈತಪ್ಪಬಹುದು. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಬರುವ ಪರೀಕ್ಷೆಗೆ ಲೀಕ್ ಆದ ಪೇಪರ್ ಎಲ್ಲಿಂದ ಬರಬೇಕು?

ಮನೆಯಲ್ಲಿ ಹೇಗೆ ಹೇಳೋದು? ಊರಿಗೆಲ್ಲ ಅಮೆರಿಕ ಅಂತ ಗೊತ್ತಾಗಿದೆ.

ಮನೆಯವರಿಗೆ ಅವತ್ತೇ ಹೇಳಿ. ದುಡ್ಡು ಕೊಟ್ಟವರು ಇದ್ದರೆ ಅವರಿಗೆ ಮೊದಲು. ಊರಿಗೆ ಹೇಳುವ ಅಗತ್ಯ ಇಲ್ಲ, "ಪ್ರೊಸೆಸ್ ನಡೀತಿದೆ" ಅಂದರೆ ಸಾಕು, ಅದು ಸುಳ್ಳೂ ಅಲ್ಲ. ನಮ್ಮಪ್ಪ ಕೇಳಿದ್ದು ಒಂದೇ: "ಊಟ ಮಾಡ್ದಾ?" ಎರಡನೇ ಸಲದ ದಿನಾಂಕವನ್ನು ಮಾತ್ರ ನಾನು ಇಬ್ಬರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಪರೀಕ್ಷೆ ಬೆಳಗ್ಗೆ ಹದಿನೈದು ಜನರ ಆಲ್ ದಿ ಬೆಸ್ಟ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ಫೇಲ್ ಆಗಿದ್ದು ಲೈಸೆನ್ಸ್ ಮೇಲೆ, ವೀಸಾ ಮೇಲೆ ಕಾಣಿಸುತ್ತಾ? ಇಲ್ಲಿನ ಕೆಲಸಕ್ಕೆ ಏನಾದರೂ ಆಗುತ್ತಾ?

ಎಷ್ಟನೇ ಸಲ ಪಾಸಾದಿರಿ ಅಂತ ಲೈಸೆನ್ಸ್ ಮೇಲೆ ಬರೆದಿರುವುದಿಲ್ಲ. ಆದರೆ ಬೋರ್ಡಿನ ಅಥವಾ ಕಂಪನಿಯ ಅರ್ಜಿಯಲ್ಲಿ ಕೇಳಿದ್ದರೆ ಇದ್ದದ್ದನ್ನೇ ಬರೆಯಿರಿ. ಕರ್ನಾಟಕದ ನಿಮ್ಮ ನೋಂದಣಿಗೂ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ವೀಸಾ ವಿಷಯದಲ್ಲಿ ಒಂದು ಕಹಿ ಸತ್ಯ ಹೇಳಬೇಕು. ನರ್ಸ್‌ಗಳು ಸಾಮಾನ್ಯವಾಗಿ ಹೋಗುವುದು ಇಬಿ-3, ಅಂದರೆ ಕೆಲಸದ ಆಧಾರದ ಗ್ರೀನ್ ಕಾರ್ಡ್ ದಾರಿಯಲ್ಲಿ. ಭಾರತದಲ್ಲಿ ಹುಟ್ಟಿದವರ ಸಾಲಿನಲ್ಲಿ ಹತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರ ಸರದಿ ಈಗ ನಡೆಯುತ್ತಿದೆ. ನಾನು ಪಾಸಾದ ಮೇಲೂ ಇಲ್ಲೇ ಬೆಂಗಳೂರಿನಲ್ಲಿ ಡ್ಯೂಟಿ ಮಾಡಿಕೊಂಡಿದ್ದೇನೆ. ನಲವತ್ತೈದು ದಿನ ತಡ ಆಯಿತು ಅಂತ ಅಳುವವರಿಗೆ ನಾನು ಇದನ್ನೇ ಹೇಳುವುದು. ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ದೇಶ. ಗಂಡನ ಅಥವಾ ಹೆಂಡತಿಯ ಹುಟ್ಟಿದ ದೇಶವನ್ನೂ ಬಳಸಿಕೊಳ್ಳಬಹುದು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಅಪ್ಪ ಕುವೈತ್‌ನಲ್ಲಿದ್ದಾಗ ಅಲ್ಲೇ ಹುಟ್ಟಿದವರು. ಅಂಥವರ ದಾರಿ ಬಹಳ ಚಿಕ್ಕದಾಗುತ್ತದೆ. ಕೆನಡಾದಲ್ಲೂ 2015ರಿಂದ ನರ್ಸ್‌ಗಳಿಗೆ ಇದೇ ಪರೀಕ್ಷೆ, ಆಸ್ಟ್ರೇಲಿಯಾ 2020ರಿಂದ ಹೊರದೇಶದ ನರ್ಸ್‌ಗಳಿಗೆ ಇದನ್ನೇ ಇಟ್ಟಿದೆ. ಹಾಗಾಗಿ ಪಾಸಾದರೆ ಅಮೆರಿಕ ಒಂದೇ ಬಾಗಿಲಲ್ಲ.

ಎರಡನೇ ಸಲ ಪರೀಕ್ಷೆ ದಿನ ಏನು ಬೇರೆ ಮಾಡಿದಿರಿ?

ಮೊದಲ ಸಲ ಮುಂಜಾನೆ ಬಸ್ಸಿಗೆ ಊರಿಂದ ಬಂದು ನೇರ ಹೋಗಿದ್ದೆ. ಟ್ರಾಫಿಕ್‌ನಲ್ಲಿ ಸಿಕ್ಕಿ ಬೆವರುತ್ತಾ ಒಳಗೆ ಹೋದೆ. ಅರ್ಧ ಗಂಟೆ ಮೊದಲೇ ಅಲ್ಲಿರಬೇಕು, ಬಹಳ ತಡವಾದರೆ ಸೀಟೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಎರಡನೇ ಸಲ ಹಿಂದಿನ ದಿನ ಗೆಳತಿಯ ಪಿಜಿಯಲ್ಲಿ ಉಳಿದುಕೊಂಡು, ಸಂಜೆ ಹೋಗಿ ಕಟ್ಟಡ ನೋಡಿ ಬಂದೆ.

ಬ್ರೇಕ್ ತೆಗೆದುಕೊಳ್ಳಿ. ಎರಡು ಗಂಟೆ ಆದ ಮೇಲೆ ಒಂದು, ಮೂರೂವರೆ ಗಂಟೆಗೆ ಇನ್ನೊಂದು ಅಂತ ಸ್ಕ್ರೀನೇ ಕೇಳುತ್ತದೆ. ಆ ಸಮಯ ಐದು ಗಂಟೆಯಲ್ಲೇ ಕಳೆಯುತ್ತದೆ ಅಂತ ಮೊದಲ ಸಲ ಜಿಪುಣತನ ಮಾಡಿದ್ದೆ. ಎರಡನೇ ಸಲ ಎದ್ದು ಹೊರಗೆ ಬಂದೆ. ಮೊಬೈಲ್ ಮುಟ್ಟುವಂತಿಲ್ಲ, ಅದನ್ನು ಮೊದಲೇ ಚೀಲದಲ್ಲಿ ಸೀಲ್ ಮಾಡಿರುತ್ತಾರೆ. ಲಾಕರ್‌ನಿಂದ ಒಂದು ಬಾಳೆಹಣ್ಣು ತೆಗೆದು ತಿಂದೆ, ಮುಖ ತೊಳೆದೆ, ಅಂಗೈ ಮತ್ತೆ ಸ್ಕ್ಯಾನ್ ಮಾಡಿಸಿ ಒಳಗೆ ಹೋದೆ. ಕೂತ ಮೇಲೆ ಬಂದ ಮೊದಲ ಪ್ರಶ್ನೆ ಯಾರನ್ನು ಮೊದಲು ನೋಡಬೇಕು ಅನ್ನುವ ಥರದ್ದೇ. ಎರಡು ಸಲ ಓದಿ, ಒಂದನ್ನು ಒತ್ತಿ, ಬದಲಾಯಿಸದೆ ಮುಂದಕ್ಕೆ ಹೋದೆ.